ಮಗ ದುಬೈಯಿಂದ ತರುವ ಜೂಮ್ ಕ್ಯಾಮೆರಾ: ಲುಮಿಕ್ಸ್ ಟಿಝಡ್99 ಕೈಯಲ್ಲಿ ಹಿಡಿದು ನೋಡಿದ ಮೇಲೆ

ಪ್ರಶ್ನೆ: ನಾನು ಕುಮಟಾ ತಾಲೂಕಿನವಳು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಹಕ್ಕಿ ನೋಡುವ ಹುಚ್ಚು ಹಿಡಿದಿದೆ. ಮನೆ ಹತ್ತಿರ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆ ಬಯಲು ಇದೆ, ಅಲ್ಲಿ ಬೆಳ್ಳಕ್ಕಿ, ಮಿಂಚುಳ್ಳಿ ಬರುತ್ತವೆ. ಆಗಾಗ ದಾಂಡೇಲಿ, ಗಣೇಶಗುಡಿ ಕಡೆಗೂ ಹೋಗುತ್ತೇನೆ. ಮಳೆಗಾಲ ಮುಗಿದ ಮೇಲೆ ಯಕ್ಷಗಾನದ ಆಟ ನೋಡುವುದೂ ಇದ್ದೇ ಇದೆ. ಮೊಬೈಲಿನಲ್ಲಿ ತೆಗೆದರೆ ಹಕ್ಕಿ ಬರೀ ಚುಕ್ಕಿ. ದುಬೈಯಲ್ಲಿರುವ ಮಗ ಪ್ಯಾನಾಸೋನಿಕ್ ಲುಮಿಕ್ಸ್ ಟಿಝಡ್99 ತರುತ್ತೇನೆ ಅನ್ನುತ್ತಾನೆ. 30 ಪಟ್ಟು ಜೂಮ್ ಇದೆಯಂತೆ. ನನಗೆ ಮೊಣಕೈ ನೋವು, ದೊಡ್ಡ ಕ್ಯಾಮೆರಾ ಹೊರುವುದು ಆಗದ ಮಾತು. ಇದು ನನಗೆ ಸಾಕಾ? ಮಗನ ಹಣ ಸುಮ್ನೆ ಹೋಗಬಾರದು.

ಉತ್ತರ:

ಅಕ್ಕೋರೇ, ನಮಸ್ಕಾರ.

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಹಕ್ಕಿಗಾದರೆ ತರಿಸಿ. ಆಟಕ್ಕಾದರೆ ಬೇಡ. ಯಾಕೆ ಹೀಗೆ ಎರಡು ಮಾತು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಹೊರದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ಕ್ಯಾಮೆರಾ ತಂದುಕೊಡುತ್ತಾರೆ. ನಾಲ್ಕು ದಿನ ಎಲ್ಲರಿಗೂ ತೋರಿಸಿ ಆಗುತ್ತದೆ, ಆಮೇಲೆ ಅದು ಕಪಾಟು ಸೇರುತ್ತದೆ. ಕಾರವಾರದ ನನ್ನ ಅಂಗಡಿಗೆ ಅಂಥ ಕ್ಯಾಮೆರಾಗಳು ಬೂಸಲು ಹಿಡಿದು ಬರುತ್ತಿರುತ್ತವೆ. ನಿಮ್ಮದಕ್ಕೆ ಆ ಗತಿ ಬರಬಾರದು.

ಈ ಕ್ಯಾಮೆರಾವನ್ನು ನಾನು ಮಾರುತ್ತಿಲ್ಲ. ಭಟ್ಕಳ ಕಡೆಯ ಗಿರಾಕಿಯೊಬ್ಬರು ಗಲ್ಫಿನಿಂದ ತಂದಿದ್ದರು. ಸೆಟ್ಟಿಂಗ್ ಎಲ್ಲ ನೋಡಿ ಸರಿ ಮಾಡಿಕೊಡಿ ಎಂದು ನನ್ನ ಹತ್ತಿರ ಬಿಟ್ಟು ಹೋದರು. ಹೊರಗೆ ಒಯ್ದು ಫೋಟೋ ತೆಗೆದು ನೋಡಲೂ ಒಪ್ಪಿದರು. ಕೋಡಿಬಾಗದ ಹತ್ತಿರ ಕಾಳಿ ನದಿಯ ದಂಡೆ, ಟ್ಯಾಗೋರ್ ಕಡಲತೀರ, ನೆಂಟರ ಅಡಿಕೆ ತೋಟ, ರಾತ್ರಿ ಒಂದು ಆಟ, ಇಷ್ಟು ಕಡೆ ಇದನ್ನು ಹಿಡಿದುಕೊಂಡು ಓಡಾಡಿದ್ದೇನೆ. ಹಾಗಾಗಿ ಇದು ಮೊದಲ ಅನಿಸಿಕೆ. ಇನ್ನು ಐದು ವರ್ಷ ಬಾಳುತ್ತದೋ ಇಲ್ಲವೋ ಎಂದು ಈಗಲೇ ಹೇಳಲಾರೆ.

ಪ್ಯಾನಾಸೋನಿಕ್ ಇದನ್ನು ಮಾರುಕಟ್ಟೆಗೆ ಬಿಟ್ಟಿದ್ದು 2025ರ ಆರಂಭದಲ್ಲಿ. ಅಮೆರಿಕದಲ್ಲಿ ಇದೇ ಕ್ಯಾಮೆರಾಕ್ಕೆ ಝಡ್‌ಎಸ್99 ಎಂದು ಹೆಸರು. ಮಗನಿಗೆ ಅಂಗಡಿಯಲ್ಲಿ ಆ ಹೆಸರಿನ ಡಬ್ಬಿ ಸಿಕ್ಕರೆ ಗಾಬರಿ ಬೇಡ, ಎರಡೂ ಒಂದೇ. ಅಮೆರಿಕದಲ್ಲಿ ಬಿಡುಗಡೆಯ ಬೆಲೆ ಸುಮಾರು 500 ಡಾಲರ್ ಇತ್ತು. ತೂಕ ಬ್ಯಾಟರಿ ಸೇರಿ ಸುಮಾರು 320 ಗ್ರಾಂ. ನಿಮ್ಮ ಮೊಣಕೈಗೆ ಇದರಿಂದ ತೊಂದರೆ ಇಲ್ಲ. ವ್ಯಾನಿಟಿ ಬ್ಯಾಗಿನಲ್ಲಿ ಆರಾಮಾಗಿ ಹಿಡಿಸುತ್ತದೆ.

ನಿಜ ಹೇಳಬೇಕೆಂದರೆ ಇದು ಪೂರ್ತಿ ಹೊಸ ಕ್ಯಾಮೆರಾ ಅಲ್ಲ. 2019ರಲ್ಲಿ ಬಂದ ಟಿಝಡ್95 ಎಂಬ ಮಾದರಿಯನ್ನೇ ಸ್ವಲ್ಪ ತಿದ್ದಿ ಕೊಟ್ಟಿದ್ದಾರೆ. ಲೆನ್ಸ್ ಅದೇ 30 ಪಟ್ಟಿನದು. ಫೋಟೋ ಮೂಡುವ ಸೆನ್ಸರ್ ಕೂಡ ಅದೇ ಅಳತೆಯದು. ಬದಲಾಗಿದ್ದು ಏನೆಂದರೆ, ಚಾರ್ಜ್ ಮಾಡುವ ಜಾಗ ಈಗ ಯುಎಸ್‌ಬಿ-ಸಿ ಆಗಿದೆ, ಅಂದರೆ ನಿಮ್ಮ ಮೊಬೈಲಿನ ಚಾರ್ಜರೇ ಆಗುತ್ತದೆ. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಇಂಥ ಸಾಧನಗಳಿಗೆಲ್ಲ ಒಂದೇ ನಮೂನೆಯ ಚಾರ್ಜಿಂಗ್ ಜಾಗ ಕಡ್ಡಾಯವಾಯಿತು. ಈ ತಿದ್ದುಪಡಿಗೆ ಅದೇ ಕಾರಣ ಇರಬೇಕು ಅನ್ನುವುದು ನನ್ನ ಅಂದಾಜು. ಹಿಂದಿನ ಸ್ಕ್ರೀನ್ ಮೊದಲಿಗಿಂತ ಸ್ಪಷ್ಟವಾಗಿದೆ. ಕಣ್ಣಿಟ್ಟು ನೋಡುವ ಕಿಂಡಿ, ಅದೇ ವ್ಯೂಫೈಂಡರ್, ಅದನ್ನು ತೆಗೆದುಹಾಕಿದ್ದಾರೆ. ಇದರ ಬಗ್ಗೆ ನನಗೆ ಬೇಜಾರಿದೆ, ಮುಂದೆ ಹೇಳುತ್ತೇನೆ.

ಈಗ ಆ 30 ಪಟ್ಟಿನ ಲೆಕ್ಕ. ನೀವು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು, ಇದು ನಿಮಗೆ ಸಲೀಸು. ಪಟ್ಟು ಅನ್ನುವುದು ಎಷ್ಟು ದೂರ ಕಾಣುತ್ತದೆ ಎಂಬ ಅಳತೆ ಅಲ್ಲವೇ ಅಲ್ಲ. ಲೆನ್ಸಿನ ಕೊನೆಯ ಅಳತೆಯನ್ನು ಮೊದಲ ಅಳತೆಯಿಂದ ಭಾಗಿಸಿದರೆ ಬರುವ ಸಂಖ್ಯೆ, ಅಷ್ಟೇ. ಇದರದ್ದು, ಹಳೆಯ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕಕ್ಕೆ ತಂದು ಹೇಳಿದರೆ, 24ರಿಂದ 720 ಮಿ.ಮೀ. ವರೆಗೆ. 720 ಭಾಗಿಸು 24, ಉತ್ತರ 30. ಫೋಟೋಗೆ ಬೇಕಾದ್ದು ಆ 720. ಈ ತುದಿಯಲ್ಲಿ ಫೋಟೋದ ಅಗಲ ಎಷ್ಟು ಬರುತ್ತದೆ ಎಂದು ತಿಳಿಯಲು ಸುಲಭದ ದಾರಿ ಇದೆ. ಹಕ್ಕಿ ಎಷ್ಟು ದೂರದಲ್ಲಿದೆಯೋ ಅದನ್ನು 20ರಿಂದ ಭಾಗಿಸಿ. ಹೆಚ್ಚು ಕಡಿಮೆ ಸರಿ ಬರುತ್ತದೆ.

ಗಣೇಶಗುಡಿಯಲ್ಲಿ ದೊಡ್ಡ ಮಂಗಟ್ಟೆ 40 ಮೀಟರ್ ದೂರದ ಮರದಲ್ಲಿ ಕೂತಿದೆ ಅಂದುಕೊಳ್ಳಿ. ಫೋಟೋದ ಅಗಲ 2 ಮೀಟರ್ ಆಯಿತು. ಆ ಹಕ್ಕಿ ಕೊಕ್ಕಿನಿಂದ ಬಾಲದ ತನಕ ಸುಮಾರು ಒಂದು ಮೀಟರ್ ಉದ್ದ. ಅಂದರೆ ಅರ್ಧ ಫೋಟೋ ತುಂಬ ಮಂಗಟ್ಟೆ. ಗೋಡೆಗೆ ಹಾಕುವಂಥ ಚಿತ್ರ ಅದು. ಇನ್ನು ನಿಮ್ಮ ಗಜನಿಯ ಬೆಳ್ಳಕ್ಕಿ 60 ಮೀಟರ್ ದೂರದಲ್ಲಿದ್ದರೆ ಫೋಟೋದ ಅಗಲ 3 ಮೀಟರ್, ಹಕ್ಕಿ ಅದರಲ್ಲಿ ಐದನೇ ಒಂದು ಭಾಗ. ಪರವಾಗಿಲ್ಲ, ಸ್ವಲ್ಪ ಕತ್ತರಿಸಿ ದೊಡ್ಡದು ಮಾಡಿಕೊಳ್ಳಬಹುದು. ಸಣ್ಣ ಮಿಂಚುಳ್ಳಿಯ ಕಥೆ ಬೇರೆ. ಅದು ಗೇಣುದ್ದವೂ ಇಲ್ಲ, 16 ಸೆಂ.ಮೀ. ಆಸುಪಾಸು. 20 ಮೀಟರಿನಲ್ಲಿ ಕೂತರೂ ಫೋಟೋದ ಆರನೇ ಒಂದು ಭಾಗ ಮಾತ್ರ. ಅದಕ್ಕೆ ನೀವು ಹತ್ತಿರ ಹೋಗಬೇಕು, ಇಲ್ಲವೇ ಅದು ಬಂದು ಕೂರುವ ಗೂಟ ಯಾವುದು ಎಂದು ನೋಡಿಟ್ಟು ಅಲ್ಲೇ ಕಾಯಬೇಕು. ಎಷ್ಟು ಜೂಮ್ ಇದ್ದರೂ ಕಾಯುವ ಕೆಲಸ ತಪ್ಪುವುದಿಲ್ಲ.

ಡಬ್ಬಿಯ ಮೇಲೆ, ಮೆನುವಿನಲ್ಲಿ 60 ಪಟ್ಟು ಎಂದೂ ಕಾಣಬಹುದು. ಅದು ಲೆನ್ಸಿನ ಕೆಲಸ ಅಲ್ಲ. ತೆಗೆದ ಚಿತ್ರವನ್ನೇ ಒಳಗೆ ಹಿಗ್ಗಿಸಿ ಕೊಡುತ್ತದೆ. ಮೆನುವಿನಲ್ಲಿ ಐ.ಝೂಮ್ ಮತ್ತು ಡಿಜಿಟಲ್ ಝೂಮ್ ಎಂದು ಎರಡು ಇರುತ್ತವೆ. ಎರಡನ್ನೂ ಮೊದಲ ದಿನವೇ ಬಂದ್ ಮಾಡಿ.

ಮೊಬೈಲಿನಲ್ಲೂ 100 ಪಟ್ಟು ಬಂದಿದೆಯಲ್ಲ ಎಂದು ಯಾರಾದರೂ ಕೇಳಿಯಾರು. ಕೋಡಿಬಾಗದಲ್ಲಿ ನಾನು ಇದನ್ನೇ ನೋಡಬೇಕೆಂದಿದ್ದೆ. ನದಿಯಲ್ಲಿ ಲಂಗರು ಹಾಕಿದ್ದ ಮೀನುದೋಣಿಯೊಂದರ ಮೂತಿಯ ಮೇಲೆ ಬಣ್ಣದಲ್ಲಿ ಹೆಸರು ಬರೆದಿತ್ತು. ಒಳ್ಳೆಯ ಮೊಬೈಲಿನಲ್ಲಿ ಪೂರ್ತಿ ಜೂಮ್ ಮಾಡಿ ತೆಗೆದರೆ ಅಕ್ಷರದಂತೆ ಕಾಣುವ ಏನೋ ಬಂತು. ದೂರದಿಂದ ನೋಡಿದರೆ ಚೆಂದ, ಓದಲು ಹೋದರೆ ಯಾವ ಭಾಷೆಯೂ ಅಲ್ಲ. ಮೊಬೈಲ್ ತನಗೆ ಕಾಣದ್ದನ್ನು ಅಂದಾಜಿನ ಮೇಲೆ ಬಿಡಿಸಿತ್ತು. ಈ ಕ್ಯಾಮೆರಾದಲ್ಲಿ ಅದೇ ಹೆಸರನ್ನು ಓದಲು ಬಂತು, ಕೆಳಗೆ ಬಣ್ಣ ಎದ್ದ ಹಲಗೆಯ ಸಂದು ಕೂಡ ಕಂಡಿತು. ಹಕ್ಕಿ ಗುರುತಿಸುವವರಿಗೆ ಇದು ಸಣ್ಣ ವಿಷಯ ಅಲ್ಲ. ರೆಕ್ಕೆಯ ಮೇಲಿನ ಪಟ್ಟೆ ನಿಜಕ್ಕೂ ಅಲ್ಲಿತ್ತೋ, ಮೊಬೈಲ್ ಬಿಡಿಸಿದ್ದೋ ಎಂಬ ಅನುಮಾನ ಇರಬಾರದು ಅಲ್ವಾ?

ಆದರೆ ಜೂಮ್ ಮಾಡದೆ ತೆಗೆಯುವ ಫೋಟೋದಲ್ಲಿ ನಿಮ್ಮ ಮೊಬೈಲೇ ಮೇಲು. ಮಿರ್ಜಾನ ಕೋಟೆ, ಮೊಮ್ಮಕ್ಕಳು, ಮನೆಯ ಸಮಾರಂಭ, ಇದಕ್ಕೆಲ್ಲ ಮೊಬೈಲ್ ಸಾಕು. ಕಾರಣ ಸೆನ್ಸರಿನ ಅಳತೆ. ಇದರ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ನಿಮ್ಮ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ದುಬಾರಿ ಮೊಬೈಲುಗಳ ಮುಖ್ಯ ಕ್ಯಾಮೆರಾದ ಸೆನ್ಸರ್ ಈಗ ಇದಕ್ಕಿಂತ ದೊಡ್ಡದಿರುತ್ತದೆ. ಹಾಗಾದರೆ ಕ್ಯಾಮೆರಾದಲ್ಲಿ ಯಾಕೆ ಇಷ್ಟು ಚಿಕ್ಕದು ಹಾಕಿದ್ದಾರೆ? ಚಿಕ್ಕದಾದ್ದರಿಂದಲೇ 720 ಮಿ.ಮೀ. ಜೂಮ್ ಬ್ಯಾಗಿನಲ್ಲಿ ಹಿಡಿಸುತ್ತದೆ. ಸೋನಿಯವರು ‘ಒಂದು ಇಂಚು’ ಎಂದು ಕರೆಯುವ ದೊಡ್ಡ ಸೆನ್ಸರ್ ಇಟ್ಟು, 600 ಮಿ.ಮೀ. ಲೆನ್ಸ್ ಹಾಕಿ 2017ರಲ್ಲಿ ಆರ್‌ಎಕ್ಸ್10 ಸಾಲಿನ ನಾಲ್ಕನೇ ಮಾದರಿ ಮಾಡಿದರು. ಅದರ ತೂಕ ಒಂದು ಕಿಲೋ ದಾಟಿತು. ನಿಮ್ಮ ಕೈಗೆ ಅದು ಆಗದು.

ಚಿಕ್ಕ ಸೆನ್ಸರಿಗೆ ಬೆಳಕು ಜಾಸ್ತಿ ಬೇಕು. ಈ ಕ್ಯಾಮೆರಾದ ಎಲ್ಲ ಗುಣ, ಎಲ್ಲ ದೋಷ ಇದೊಂದರಲ್ಲೇ ಇದೆ. ಇದರ ಲೆನ್ಸ್ ಜೂಮ್ ಮಾಡದಿದ್ದಾಗ ಎಫ್ 3.3 ತನಕ ತೆರೆದುಕೊಳ್ಳುತ್ತದೆ. ಪೂರ್ತಿ ಜೂಮ್ ಮಾಡಿದಾಗ ಎಫ್ 6.4 ಆಗುತ್ತದೆ. ಈ ಎಫ್ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸಿನ ಬಾಯಿ ಕಿರಿದು. ಅಂದರೆ ಒಳಗೆ ಬರುವ ಬೆಳಕು ಸುಮಾರು ಕಾಲು ಭಾಗಕ್ಕೆ ಬಂತು. ಹಕ್ಕಿಗೆ ಪೂರ್ತಿ ಜೂಮ್ ಬೇಕೇ ಬೇಕು. ಹಾಗಾಗಿ ಅತಿ ಕಡಿಮೆ ಬೆಳಕು ಬರುವ ಜಾಗದಲ್ಲೇ ನೀವು ಯಾವಾಗಲೂ ಕೆಲಸ ಮಾಡುತ್ತೀರಿ.

ಒಳ್ಳೆಯ ಬಿಸಿಲಿದ್ದರೆ ಇದರಿಂದ ತೊಂದರೆ ಇಲ್ಲ. ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿಕೊಳ್ಳಬೇಕು ಎಂಬ ಸೆಟ್ಟಿಂಗಿಗೆ ಐಎಸ್‌ಒ ಎನ್ನುತ್ತಾರೆ, ಶಟರ್ ಅಂದರೆ ಬೆಳಕು ಒಳಗೆ ಬಿಡುವ ಹೊತ್ತು. ಐಎಸ್‌ಒ 100 ಇಟ್ಟು ಸೆಕೆಂಡಿನ 800ನೇ ಒಂದು ಭಾಗದ ಶಟರ್ ಸಿಗುತ್ತದೆ. ಕೂತ ಹಕ್ಕಿಗೆ ಧಾರಾಳ. ಕಾಳಿ ದಂಡೆಯಲ್ಲಿ ಬೆಳಿಗ್ಗೆ ಎಂಟರ ಬಿಸಿಲಲ್ಲಿ ತೆಗೆದ ಬೆಳ್ಳಕ್ಕಿಯ ಬೆನ್ನ ಮೇಲೆ ಇಳಿಬಿದ್ದ ಗರಿಗಳು ಎಳೆ ಎಳೆಯಾಗಿ ಬಂದವು. ನನಗೆ ಬಹಳ ಖುಷಿಯಾಯಿತು. ಇಷ್ಟು ಸಣ್ಣ ಕ್ಯಾಮೆರಾದಿಂದ ಅಷ್ಟು ಬರುತ್ತದೆ ಎಂದು ನಾನು ನಿರೀಕ್ಷಿಸಿರಲಿಲ್ಲ.

ಅಡಿಕೆ ತೋಟದೊಳಗೆ ಹೋದರೆ ಲೆಕ್ಕ ತಲೆಕೆಳಗು. ಅಲ್ಲಿ ನೆರಳು ದಟ್ಟ. 250ನೇ ಒಂದು ಭಾಗದ ಶಟರ್ ಬೇಕೆಂದರೂ ಐಎಸ್‌ಒ 1000 ದಾಟಿ ಹೋಗುತ್ತದೆ. ತುಂಬ ನೆರಳಿದ್ದಲ್ಲಿ ಅದೂ ಸಾಲದು. ಐಎಸ್‌ಒ ಏರಿದ ಹಾಗೆ ಚಿತ್ರದಲ್ಲಿ ರವೆ ರವೆ ಕಾಣುತ್ತದೆ. ಅದನ್ನು ಅಳಿಸಲು ಕ್ಯಾಮೆರಾ ತಾನೇ ಚಿತ್ರವನ್ನು ಒರೆಸುತ್ತದೆ, ಒರೆಸುವಾಗ ಗರಿಯೂ ಹೋಗುತ್ತದೆ. ತೋಟದಲ್ಲಿ ತೆಗೆದ ಪಿಕಳಾರದ ಎದೆ ನನಗೆ ಒಂದೇ ಬಣ್ಣದ ಹಚ್ಚಡದಂತೆ ಸಿಕ್ಕಿತು, ಒಂದು ಗರಿಯೂ ಬಿಡಿಯಾಗಿ ಕಾಣಲಿಲ್ಲ. ಹಕ್ಕಿ ಯಾವುದು ಎಂದು ತಿಳಿಯಲು ಸಾಕು. ಮುದ್ರಿಸಿ ಇಟ್ಟುಕೊಳ್ಳಲು ಸಾಲದು. ದಾಂಡೇಲಿಯಲ್ಲೂ ಕಾಡಿನ ಒಳಗಿನ ಹಕ್ಕಿಗಿಂತ ಕಾಳಿ ನದಿಯ ಬಯಲಿನಲ್ಲಿ, ಮರದ ತುದಿಯಲ್ಲಿ ಕೂತ ಹಕ್ಕಿಯೇ ನಿಮಗೆ ಚೆನ್ನಾಗಿ ಒದಗುತ್ತದೆ.

ಹಾಗೆಂದು ಮಧ್ಯಾಹ್ನದ ಉರಿ ಬಿಸಿಲಿಗೆ ಹೊರಡಬೇಡಿ. ಬೆಳಕು ಇರುತ್ತದೆ, ಆದರೆ ಮರಳು, ಗದ್ದೆ, ನೀರಿನ ಮೇಲಿನ ಬಿಸಿ ಗಾಳಿ ನಡುಗುತ್ತಿರುತ್ತದೆ. 720 ಮಿ.ಮೀ.ನಲ್ಲಿ ಆ ನಡುಕವೂ ಹಿಗ್ಗಿ ಬರುತ್ತದೆ. ಟ್ಯಾಗೋರ್ ಕಡಲತೀರದಲ್ಲಿ ಮಧ್ಯಾಹ್ನ ತೆಗೆದ ದೂರದ ದೋಣಿಗಳು ಎಲ್ಲವೂ ಅಲುಗಾಡಿದಂತಿವೆ. ಕ್ಯಾಮೆರಾ ಕೆಟ್ಟಿದೆ ಎಂದು ಇದೇ ಕಾರಣಕ್ಕೆ ಅಂಗಡಿಗೆ ತರುವವರಿದ್ದಾರೆ. ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಇದ್ದರೂ ಇದಕ್ಕೆ ಮದ್ದಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ, ಸಂಜೆ ನಾಲ್ಕರ ಮೇಲೆ, ಇದು ಇದರ ಹೊತ್ತು.

ಈಗ ವ್ಯೂಫೈಂಡರ್ ವಿಷಯ. ಬಿಸಿಲಿನಲ್ಲೇ ಚೆನ್ನಾಗಿ ಕೆಲಸ ಮಾಡುವ ಕ್ಯಾಮೆರಾದಲ್ಲಿ ಬಿಸಿಲಿಗೆ ಕಾಣದ ಸ್ಕ್ರೀನ್ ಒಂದನ್ನೇ ಉಳಿಸಿದ್ದಾರೆ. ಇದು ಸರಿಯಾದ ಕೆಲಸ ಅಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕಿಂಡಿಗೆ ಕಣ್ಣಿಟ್ಟಾಗ ಕ್ಯಾಮೆರಾ ಹುಬ್ಬಿಗೆ ಒತ್ತಿಕೊಂಡು ನಿಲ್ಲುತ್ತದೆ, ಕೈ ನಡುಗುವುದು ಕಡಿಮೆ. ಸ್ಕ್ರೀನ್ ನೋಡಬೇಕೆಂದರೆ ಕೈ ಮುಂದೆ ಚಾಚಬೇಕು. ನಿಮ್ಮ ಮೊಣಕೈಗೂ ಅದೇ ಕಷ್ಟ. ಕಡಲ ಹತ್ತಿರ ಹತ್ತು ಗಂಟೆಯ ಮೇಲೆ ಸ್ಕ್ರೀನಿನಲ್ಲಿ ನನ್ನ ಮುಖವೇ ಕಂಡದ್ದು ಜಾಸ್ತಿ. ಹಕ್ಕಿ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ.

ಇದಕ್ಕೆ ನಾನು ಮಾಡಿಕೊಂಡ ಉಪಾಯ ಹೇಳುತ್ತೇನೆ. ಕ್ಯಾಮೆರಾಕ್ಕೆ ಕುತ್ತಿಗೆಗೆ ಹಾಕುವ ಪಟ್ಟಿ ಕಟ್ಟಿಸಿ. ಪಟ್ಟಿ ಬಿಗಿಯಾಗುವ ತನಕ ಕ್ಯಾಮೆರಾವನ್ನು ಮುಂದೆ ತಳ್ಳಿ, ಎರಡೂ ಮೊಣಕೈ ಪಕ್ಕೆಗೆ ಒತ್ತಿ ನಿಲ್ಲಿ. ಅರ್ಧ ನಡುಕ ಅಲ್ಲೇ ನಿಂತಿತು. ಕೂತು ತೆಗೆಯುವುದಾದರೆ ಸ್ಕ್ರೀನನ್ನು ಮೇಲಕ್ಕೆ ಮಡಚಿ, ಕ್ಯಾಮೆರಾವನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಮೇಲಿಂದ ನೋಡಬಹುದು. ಇದು ನಿಮಗೆ ಬಹಳ ಅನುಕೂಲ. ಅಗಲ ಅಂಚಿನ ಟೋಪಿ ಇರಲಿ, ಇಲ್ಲವೇ ಜೊತೆಯವರು ಛತ್ರಿ ಹಿಡಿಯಲಿ. ಹಕ್ಕಿ ಹುಡುಕುವಾಗ ಮೊದಲೇ ಪೂರ್ತಿ ಜೂಮ್ ಮಾಡಬೇಡಿ. ಸಣ್ಣ ಜೂಮಿನಲ್ಲಿ ಮರವನ್ನು ನಡುವಿಗೆ ತಂದುಕೊಂಡು, ಹಕ್ಕಿಯನ್ನು ಬಿಡದೆ ನಿಧಾನವಾಗಿ ಹತ್ತಿರ ಎಳೆಯಿರಿ. ವಾರದಲ್ಲಿ ಕೈಗೆ ಅಭ್ಯಾಸವಾಗುತ್ತದೆ.

ಸೆಟ್ಟಿಂಗ್ ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ಮೇಲಿನ ಚಕ್ರವನ್ನು ಎಸ್ ಅಕ್ಷರಕ್ಕೆ ತಿರುಗಿಸಿ, ಶಟರ್ 500ಕ್ಕೆ ಇಡಿ, ಐಎಸ್‌ಒ ಆಟೋ ಇರಲಿ. ನೆರಳಿದ್ದರೆ 250ಕ್ಕೆ ಇಳಿಸಿ. ಫೋಕಸ್ ಜಾಗ ಒಂದೇ ಚೌಕ ಇರುವಂತೆ ಮಾಡಿಕೊಳ್ಳಿ. ಹಕ್ಕಿಯ ಕಣ್ಣನ್ನು ತಾನಾಗಿ ಹುಡುಕಿ ಹಿಡಿಯುವ ಹೊಸ ಕಾಲದ ಫೋಕಸ್ ಇದರಲ್ಲಿ ಇಲ್ಲ. ಎಲ್ಲವನ್ನೂ ಅದಕ್ಕೇ ಬಿಟ್ಟರೆ ಮುಂದಿನ ಎಲೆ ಸ್ಪಷ್ಟ, ಹಿಂದಿನ ಹಕ್ಕಿ ಮಸುಕು. ಮತ್ತೊಂದು, ಮಂಗಟ್ಟೆ ಮರದ ತುದಿಯಲ್ಲಿ ಕೂತಾಗ ಹಿಂದೆ ಬಿಳಿ ಆಕಾಶ ಇರುತ್ತದೆ. ಕ್ಯಾಮೆರಾ ಆಕಾಶವನ್ನು ನೋಡಿ ಬೆಳಕು ಕಡಿಮೆ ಮಾಡುತ್ತದೆ, ಹಕ್ಕಿ ಕರಿ ನೆರಳಾಗಿ ಬರುತ್ತದೆ. ಪ್ಲಸ್ ಮೈನಸ್ ಗುರುತಿನ ಗುಂಡಿ ಒತ್ತಿ ಪ್ಲಸ್ ಒಂದಕ್ಕೆ ಇಟ್ಟರೆ ಹಳದಿ ಕೊಕ್ಕು, ಕಪ್ಪು ಬಿಳಿ ರೆಕ್ಕೆ ಎಲ್ಲ ಎದ್ದು ಬರುತ್ತದೆ. ಹಾರುವ ಹಕ್ಕಿಯ ಆಸೆ ಸದ್ಯ ಬೇಡ. ಬಂದರಿನ ಮೇಲೆ ನಿಧಾನವಾಗಿ ಸುತ್ತುವ ಗರುಡ ಸಿಕ್ಕೀತು, ಅಷ್ಟೇ.

ವಿಡಿಯೋ 4ಕೆ ಇದೆ, ಚೆನ್ನಾಗಿದೆ. ಹೊರಗಿನ ಮೈಕ್ ಹಾಕುವ ಜಾಗ ಇಲ್ಲ, ಹಾಗಾಗಿ ಕಡಲ ಹತ್ತಿರ ಗಾಳಿಯ ಸದ್ದೇ ತುಂಬುತ್ತದೆ. ಬ್ಯಾಟರಿ ಒಂದು ಚಾರ್ಜಿಗೆ 380 ಫೋಟೋ ಎಂದು ಕಂಪನಿ ಹೇಳುತ್ತದೆ. ಜೂಮ್ ಹಿಂದೆ ಮುಂದೆ ಮಾಡುತ್ತಿದ್ದರೆ ಅದಕ್ಕಿಂತ ಬೇಗ ಮುಗಿಯುತ್ತದೆ. ಒಂದು ಬ್ಯಾಟರಿ ಜಾಸ್ತಿ ತರಿಸಿಕೊಳ್ಳಿ.

ಮಂಗಟ್ಟೆಯ ಬಗ್ಗೆ ಇನ್ನೊಂದು ಮಾತು. ಅವು ಗೂಡು ಮಾಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಕೊಡಬೇಕು. ಜನ ಮರದ ಕೆಳಗೆ ನಿಂತಿದ್ದರೆ ಗಂಡು ಹತ್ತಿರ ಬರಲು ಹೆದರುತ್ತದೆ, ಒಳಗಿನ ತಾಯಿ ಮರಿಗೆ ಊಟ ತಪ್ಪುತ್ತದೆ. 720 ಮಿ.ಮೀ. ಜೂಮ್ ಇರುವುದೇ ದೂರ ನಿಲ್ಲುವುದಕ್ಕೆ. ಗೂಡಿನ ಮರ ಗೊತ್ತಿದ್ದರೂ ಅಲ್ಲಿಗೆ ಹೋಗಬೇಡಿ, ಹಣ್ಣು ಬಿಟ್ಟ ಆಲ, ಅತ್ತಿ, ಬಸರಿ ಮರಗಳನ್ನು ದೂರದಿಂದ ಕಾಯಿರಿ.

ಇನ್ನು ಆಟ. ಆ ರಾತ್ರಿ ಮುಂದಿನಿಂದ ಎಂಟನೇ ಸಾಲಿನಲ್ಲಿ ಕೂತು ತೆಗೆದೆ. ರಂಗಸ್ಥಳದ ಲೈಟು ನಮ್ಮ ಕಣ್ಣಿಗೆ ಝಗ ಝಗ ಕಾಣುತ್ತದೆ, ಕ್ಯಾಮೆರಾಕ್ಕೆ ಅದು ಏನೂ ಅಲ್ಲ. ವೇಷ ಗಿರಕಿ ಹೊಡೆಯುವಾಗ ಕನಿಷ್ಠ 250ನೇ ಒಂದು ಭಾಗದ ಶಟರ್ ಬೇಕು. ಅಷ್ಟು ಇಟ್ಟರೆ ಐಎಸ್‌ಒ ತುದಿಗೆ ಹೋಗಿ ನಿಲ್ಲುತ್ತದೆ. ಫೋಟೋದಲ್ಲಿ ಕಸೆ ಸೀರೆಯ ಚೌಕುಳಿ ಕರಗಿ ಕೆಂಪು ಹಳದಿ ಕಲೆಯಾಗಿತ್ತು. ಮುಂಡಾಸಿನ ಜರಿ ಪಟ್ಟಿ ಬರೀ ಬಿಳಿ ಗೆರೆ. ಕಣ್ಣಿನ ಸುತ್ತ ಬರೆದ ಬಣ್ಣ ಕೆನ್ನೆಯ ಜೊತೆ ಸೇರಿಹೋಗಿತ್ತು. ಗಂಟೆಗಟ್ಟಲೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕೂತು ಬರೆದುಕೊಂಡ ಮುಖ ಹೀಗೆ ಬರುವುದಾದರೆ ತೆಗೆಯದಿರುವುದೇ ಒಳ್ಳೆಯದು ಅನ್ನಿಸಿತು. ಫ್ಲಾಶ್ ಹಾಕುವ ಯೋಚನೆ ಮಾಡಬೇಡಿ. ಅದು ಅಷ್ಟು ದೂರ ಮುಟ್ಟುವುದಿಲ್ಲ, ಕುಣಿಯುವವರ ಕಣ್ಣಿಗೂ ತೊಂದರೆ. ಭಾಗವತರು, ಮದ್ದಲೆಯವರು ಕೂತಲ್ಲೇ ಇರುತ್ತಾರೆ, ಅವರನ್ನು 60ನೇ ಒಂದು ಭಾಗದಲ್ಲಿ ತೆಗೆಯಬಹುದು. ವೇಷಕ್ಕೆ ಮುಂದಿನ ಸಾಲಿನಲ್ಲಿ ಕೂತು ಮೊಬೈಲಿನಲ್ಲೇ ತೆಗೆಯಿರಿ.

ಆಟದ ಫೋಟೋ ಮುಖ್ಯ ಅನ್ನುವುದಾದರೆ ಬೇರೆ ಕ್ಯಾಮೆರಾ ನೋಡಬೇಕು. 2019ರಲ್ಲಿ ಬಂದ ಸೋನಿ ಆರ್‌ಎಕ್ಸ್100 ಏಳನೇ ಮಾದರಿ ಇದಕ್ಕಿಂತ ಹಗುರ, ಸೆನ್ಸರ್ ನಾಲ್ಕು ಪಟ್ಟು ದೊಡ್ಡದು, ಎಫ್ 2.8ರಿಂದ ಶುರು. ಆದರೆ ಜೂಮ್ 200 ಮಿ.ಮೀ.ಗೆ ನಿಲ್ಲುತ್ತದೆ, ಹಕ್ಕಿಗೆ ಆಗದು, ಬೆಲೆಯೂ ಬಹಳ ಜಾಸ್ತಿ. ಎರಡರ ನಡುವೆ ಪ್ಯಾನಾಸೋನಿಕ್‌ನದೇ ಟಿಝಡ್200 ಇದೆ. 2018ರದ್ದು. ಒಂದು ಇಂಚಿನ ಸೆನ್ಸರ್, 360 ಮಿ.ಮೀ. ತನಕ ಜೂಮ್, ಕಣ್ಣಿಡುವ ಕಿಂಡಿಯೂ ಇದೆ, ತೂಕ 340 ಗ್ರಾಂ ಆಸುಪಾಸು. ಹಕ್ಕಿ ಅರ್ಧ ಗಾತ್ರದಲ್ಲಿ ಬರುತ್ತದೆ, ಆದರೆ ತೋಟದ ನೆರಳಿನಲ್ಲಿ ಟಿಝಡ್99ಕ್ಕಿಂತ ಚೆನ್ನಾಗಿ ಬರುತ್ತದೆ. ಮಗನಿಗೆ ಅಲ್ಲಿ ಎರಡೂ ಸಿಕ್ಕರೆ ಟಿಝಡ್200 ಅನ್ನೂ ಕೈಯಲ್ಲಿ ಹಿಡಿದು ನೋಡಲಿ. ಕ್ಯಾನನ್ ಎಸ್‌ಎಕ್ಸ್740 ಎಂಬುದು 960 ಮಿ.ಮೀ. ತನಕ ಹೋಗುತ್ತದೆ, ಆದರೆ ಬೆರಳಿಟ್ಟು ಫೋಕಸ್ ಮಾಡುವ ಸ್ಕ್ರೀನ್ ಅದರಲ್ಲಿಲ್ಲ, ಕಿಂಡಿಯೂ ಇಲ್ಲ. ನಿಕಾನ್ ಪಿ950 ಹಕ್ಕಿಗೆ ಎಲ್ಲಕ್ಕಿಂತ ಒಳ್ಳೆಯದು, 2000 ಮಿ.ಮೀ. ಇದೆ, ಆದರೆ ಒಂದು ಕಿಲೋ ತೂಕ. ನೀವು ಗಜನಿಯ ಹಕ್ಕಿ, ನದಿಯ ಹಕ್ಕಿ ಜಾಸ್ತಿ ನೋಡುವವರು, ಕೈನೋವು ಬೇರೆ. ಎಲ್ಲ ಕೂಡಿಸಿ ನೋಡಿದರೆ ಟಿಝಡ್99 ನಿಮಗೆ ಹೊಂದುತ್ತದೆ.

ತಂದ ಮೇಲೆ ಕಾಪಾಡುವುದು ದೊಡ್ಡ ಕೆಲಸ. ನಮ್ಮ ಕರಾವಳಿ ಇಂಥ ಕ್ಯಾಮೆರಾಕ್ಕೆ ಒಳ್ಳೆಯ ಜಾಗ ಅಲ್ಲ. ಇದರ ಲೆನ್ಸ್ ಕೊಳವೆಯೊಳಗೆ ಕೊಳವೆಯಾಗಿ ಹೊರಗೆ ಬರುತ್ತದೆ. ಹೊರಗೆ ಬರುವಾಗ ಒಳಗೆ ಜಾಗ ಹಿಗ್ಗಿ ಗಾಳಿ ಎಳೆದುಕೊಳ್ಳುತ್ತದೆ, ಒಳಗೆ ಹೋಗುವಾಗ ಬಿಡುತ್ತದೆ, ಕಮ್ಮಾರನ ತಿದಿಯ ಹಾಗೆ. ಆ ಗಾಳಿಯ ಜೊತೆ ಉಪ್ಪಿನ ಹನಿ, ಮರಳಿನ ಪುಡಿ, ಧೂಳು ಎಲ್ಲ ಒಳಗೆ. ಸೆನ್ಸರಿನ ಮೇಲೆ ಧೂಳು ಕೂತರೆ ಇದರ ಲೆನ್ಸ್ ಬಿಚ್ಚಿ ಒರೆಸುವ ಹಾಗಿಲ್ಲ. ಮರಳು ಸಿಕ್ಕಿಕೊಂಡರೆ ಕರಕರ ಸದ್ದು ಬರುತ್ತದೆ. ಆ ಸದ್ದು ಕೇಳಿದ ಕೂಡಲೇ ಬಂದ್ ಮಾಡಿ ಅಂಗಡಿಗೆ ತನ್ನಿ. ಮತ್ತೆ ಮತ್ತೆ ಆನ್ ಆಫ್ ಮಾಡಿದರೆ ಒಳಗಿನ ಹಲ್ಲು ಚಕ್ರ ಮುರಿಯುತ್ತದೆ, ಆಮೇಲೆ ಇಡೀ ಲೆನ್ಸ್ ಬದಲಿಸಬೇಕು, ಅದಕ್ಕೆ ಕ್ಯಾಮೆರಾದ ಅರ್ಧ ಬೆಲೆ ಬಿದ್ದೀತು. ಕಡಲ ಮರಳಿನ ಮೇಲೆ ಗಾಳಿ ಜೋರಿದ್ದಾಗ ಹೊರಗೆ ತೆಗೆಯಲೇಬೇಡಿ.

ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ನಮ್ಮದು. ಮಳೆಗಾಲದಲ್ಲಿ ಬೂಸಲು ಲೆನ್ಸಿನ ಗಾಜಿನ ಮೇಲೇ ಬೆಳೆಯುತ್ತದೆ, ಜೇಡರ ಬಲೆಯ ಎಳೆಗಳಂತೆ ಕಾಣುತ್ತದೆ. ಜೂನಿನಿಂದ ಅಕ್ಟೋಬರ್ ತನಕ ಕ್ಯಾಮೆರಾ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ, ಜೊತೆಗೆ ಸಿಲಿಕಾ ಜೆಲ್ ಚೀಲ ಇರಲಿ. ತೇವ ಹೀರಿದಾಗ ಬಣ್ಣ ಬದಲಿಸುವ ಜಾತಿಯದು ಸಿಗುತ್ತದೆ, ಬಣ್ಣ ಬದಲಾದ ಕೂಡಲೇ ಹೊಸದು ಹಾಕಿ. ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮವೇ ತೇವ ಹಿಡಿಯುತ್ತದೆ. ಕಪಾಟಿನಲ್ಲಿ ಸೀರೆಗಳ ನಡುವೆ ನುಸಿಗುಳಿಗೆಯ ಜೊತೆಗೂ ಬೇಡ. ಸಿಲಿಕಾ ಸಿಗದಿದ್ದರೆ ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಎಂದು ಯಾರೋ ಹೇಳುತ್ತಾರೆ. ಅಕ್ಕಿಯ ಹುಡಿ ಲೆನ್ಸಿನೊಳಗೆ ಹೋಗುತ್ತದೆ, ಅದನ್ನು ಮಾಡಬೇಡಿ. ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೋ ತೆಗೆದು ಮತ್ತೆ ಇಡಿ. ಬಳಕೆಯಲ್ಲಿರುವ ಕ್ಯಾಮೆರಾಕ್ಕೆ ಬೂಸಲು ಬರುವುದು ಕಡಿಮೆ.

ನೀವು ಕಾರವಾರ ಕಡೆ ಬಂದಾಗ ಒಂದು ಎಚ್ಚರಿಕೆ. ಅರಗಾದ ಹತ್ತಿರ ಹೆದ್ದಾರಿಯ ಬದಿಗೆ ನೌಕಾನೆಲೆ ಇದೆ. ಅಲ್ಲಿ ಫೋಟೋ ತೆಗೆಯುವುದು ನಿಷೇಧ. ಹಕ್ಕಿ ಕಂಡಿತೆಂದು ವಾಹನ ನಿಲ್ಲಿಸಿ ಆ ಕಡೆಗೆ ಜೂಮ್ ಕ್ಯಾಮೆರಾ ಎತ್ತಬೇಡಿ. ಕೈಗಾ ಸ್ಥಾವರದ ಸುತ್ತಲೂ ಹಾಗೆಯೇ.

ಮಗನಿಗೆ ಹೇಳಬೇಕಾದ್ದು ಇಷ್ಟು. ಹೊರದೇಶದಲ್ಲಿ ಕೊಂಡ ಕ್ಯಾಮೆರಾದ ವಾರಂಟಿ ಸಾಮಾನ್ಯವಾಗಿ ಆ ದೇಶಕ್ಕೇ ಸೀಮಿತ. ಇಲ್ಲಿ ಕೆಟ್ಟರೆ ದುಡ್ಡು ಕೊಟ್ಟೇ ಸರಿ ಮಾಡಿಸಬೇಕು ಎಂದು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಲಿ. ಹಾಗಾಗಿ ಅಂಗಡಿಯಲ್ಲೇ ನೋಡಿ ತರುವುದು ಮುಖ್ಯ. ಡಬ್ಬಿಯ ಮೇಲಿನ ಸೀರಿಯಲ್ ನಂಬರ್, ಕ್ಯಾಮೆರಾದ ಅಡಿಯ ನಂಬರ್ ಒಂದೇ ಇರಬೇಕು. ಬಿಲ್ಲಿನಲ್ಲೂ ಅದನ್ನು ಬರೆಸಿಕೊಳ್ಳಲಿ, ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಕೇಳಿದರೆ ಅದೇ ಬಿಲ್ ತೋರಿಸಬಹುದು. ಜೂಮನ್ನು ತುದಿಯಿಂದ ತುದಿಗೆ ಒಂದೆರಡು ಸಲ ಓಡಿಸಿ, ಸದ್ದು ಒಂದೇ ಸಮ ಇದೆಯೇ ಎಂದು ಕಿವಿಗೊಡಲಿ. ಆಮೇಲೆ ಪೂರ್ತಿ ಜೂಮ್ ಮಾಡಿ ಬಿಳಿ ಗೋಡೆಯ ಫೋಟೋ ತೆಗೆದು, ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಮೂಲೆ ಮೂಲೆ ನೋಡಲಿ. ಎಲ್ಲಾದರೂ ಬೂದು ಬಣ್ಣದ ಮಸುಕು ಚುಕ್ಕಿ ಕಂಡರೆ ಅದು ಒಳಗಿನ ಧೂಳು, ಬೇರೆ ಡಬ್ಬಿ ತೆರೆಯಿಸಲಿ. 64 ಜಿಬಿಯ ಒಳ್ಳೆಯ ಕಂಪನಿಯ ಮೆಮೊರಿ ಕಾರ್ಡನ್ನೂ ಅದೇ ಅಂಗಡಿಯಲ್ಲಿ ಕೊಳ್ಳಲಿ, ಬೀದಿ ಬದಿಯ ಅಗ್ಗದ್ದು ಬೇಡ. ಬಂದ ಮೇಲೆ ಕಾರವಾರಕ್ಕೆ ತನ್ನಿ, ಸೆಟ್ಟಿಂಗ್ ಎಲ್ಲ ನಾನು ಕೂತು ಮಾಡಿಕೊಡುತ್ತೇನೆ.